ತಂಪು ನಾಡಿನ ಹಿತ್ತಿಲಲ್ಲಿ ಸಿಹಿಗೆಣಸು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ತಾರೀಖು, ಅಳತೆಗಳೆಲ್ಲ ಕೆನಡಾದ ದಕ್ಷಿಣ ಒಂಟಾರಿಯೋದ ಲೆಕ್ಕದವು. ಟೊರೊಂಟೊ, ಮಿಸ್ಸಿಸಾಗಾ, ಬ್ರಾಂಪ್ಟನ್, ಹ್ಯಾಮಿಲ್ಟನ್, ವಾಟರ್ಲೂ ಕಡೆಯ ಮನೆ ಹಿತ್ತಿಲುಗಳಿಗೆ ಹೊಂದುತ್ತವೆ. ಒಟ್ಟಾವಾದವರು ನಾಟಿಯನ್ನು ಒಂದು ವಾರ ಮುಂದಕ್ಕೆ ಹಾಕಿ, ಅಗೆತವನ್ನು ಒಂದು ವಾರ ಹಿಂದಕ್ಕೆ ತನ್ನಿ. ಇಂಗ್ಲೆಂಡಿನವರಿಗೆ ಕೆಳಗೆ ಬೇರೆ ಪ್ರಶ್ನೆಯೇ ಇದೆ.

ಬೆಳಗಾವಿ ಕಡೆ ಹೊಲಗಟ್ಟಲೆ ಬೆಳೆಯುವ ಗೆಣಸು ಈ ಚಳಿಯಲ್ಲಿ ಆಗುತ್ತದೆಯೇ?

ಆಗುತ್ತದೆ. ಒಂಟಾರಿಯೋದ ನಾರ್ಫೋಕ್ ಕೌಂಟಿಯಲ್ಲಿ ಹಿಂದೆ ಹೊಗೆಸೊಪ್ಪು ಬೆಳೆಯುತ್ತಿದ್ದ ಮರಳುಭೂಮಿಯಲ್ಲೇ ಈಗ ರೈತರು ಗೆಣಸು ತೆಗೆಯುತ್ತಿದ್ದಾರೆ. ಚಳಿಗಾಲ ಎಷ್ಟು ಘೋರ ಅನ್ನುವುದು ಗೆಣಸಿಗೆ ಸಂಬಂಧವೇ ಇಲ್ಲ, ಆಗ ಅದು ನೆಲದಲ್ಲಿ ಇರುವುದೇ ಇಲ್ಲವಲ್ಲ. ಬೇಸಿಗೆಯಲ್ಲಿ ಮಣ್ಣಿಗೆ ಎಷ್ಟು ದಿನ ಕಾವು ಸಿಗುತ್ತದೆ ಅನ್ನುವುದೇ ಲೆಕ್ಕ. 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಳ್ಳಿ ಬೆಳವಣಿಗೆ ನಿಲ್ಲಿಸುತ್ತದೆ, 24ರಿಂದ 30 ಡಿಗ್ರಿಯಲ್ಲಿ ಓಡುತ್ತದೆ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ನಮಗೆ ಸಿಗುವುದು ಹೆಚ್ಚೆಂದರೆ 115ರಿಂದ 120 ದಿನ. ಅದರಲ್ಲಿ ಕೊನೆಯ ಎರಡು ಮೂರು ವಾರದ ರಾತ್ರಿಗಳು ತಣ್ಣಗಿರುತ್ತವೆ, ಅವನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮುಂದೆ ಹೇಳುವ ಕಪ್ಪು ಪ್ಲಾಸ್ಟಿಕ್, ಬೋದು (ಎತ್ತರಿಸಿ ಕಟ್ಟಿದ ಮಣ್ಣಿನ ಸಾಲು), ಬೇಗ ಬಲಿಯುವ ತಳಿ, ಎಲ್ಲವೂ ಈ ನಾಲ್ಕು ತಿಂಗಳಿಗೆ ಇನ್ನಷ್ಟು ಕಾವು ಕೂಡಿಸುವ ಉಪಾಯಗಳೇ.

ಯಾವ ತಳಿ ತರಬೇಕು?

ಮೊದಲ ವರ್ಷವಾದರೆ ಬೋರೆಗಾರ್ಡ್. ಲೂಸಿಯಾನ ರಾಜ್ಯ ವಿಶ್ವವಿದ್ಯಾಲಯ 1987ರಲ್ಲಿ ಬಿಡುಗಡೆ ಮಾಡಿದ ಈ ತಳಿ 95ರಿಂದ 100 ದಿನಕ್ಕೆ ಬರುತ್ತದೆ. ಸಿಪ್ಪೆ ನಸುಗೆಂಪು, ಒಳಗೆ ಕಿತ್ತಳೆ ಬಣ್ಣ. ಮಣ್ಣು ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಕೈಬಿಡುವುದಿಲ್ಲ.

ಜಾರ್ಜಿಯಾ ಜೆಟ್ ಇನ್ನೂ ಬೇಗ, 90 ದಿನಕ್ಕೇ ಅಗೆಯಬಹುದು. ಆದರೆ ನೀರು ಏರುಪೇರಾದರೆ ಗಡ್ಡೆ ಉದ್ದಕ್ಕೆ ಸೀಳುತ್ತದೆ. ಊಟಕ್ಕೆ ತೊಂದರೆಯಿಲ್ಲ, ಇಟ್ಟುಕೊಳ್ಳಲು ಮಾತ್ರ ಬಾರದು. ನಾರ್ತ್ ಕೆರೊಲಿನಾದಲ್ಲಿ 2005ರಲ್ಲಿ ಬಂದ ಕೋವಿಂಗ್ಟನ್ ಒಂದೇ ಸಮನಾದ ಚೆಂದದ ಗಡ್ಡೆ ಕೊಡುತ್ತದೆ, ಆದರೆ 110 ದಿನಕ್ಕೆ ಕಮ್ಮಿ ಒಪ್ಪುವುದಿಲ್ಲ. ಕಪ್ಪು ಪ್ಲಾಸ್ಟಿಕ್ ಹಾಸದೆ ಅದನ್ನು ನೆಡಬೇಡಿ. ಒಂಟಾರಿಯೋದ ವೈನ್‌ಲ್ಯಾಂಡ್ ಸಂಶೋಧನಾ ಕೇಂದ್ರ ಕೆನಡಾದ ಚಿಕ್ಕ ಬೇಸಿಗೆಗೆಂದೇ ಬೆಳೆಸಿದ ರೇಡಿಯನ್ಸ್ ಎಂಬ ತಳಿಯೂ ಇದೆ. ಸಸಿ ಸಿಕ್ಕರೆ ಬಿಡಬೇಡಿ.

ನಮ್ಮೂರಿನಂತೆ ಕೆಂಪು ಸಿಪ್ಪೆಯ, ಒಳಗೆ ಬಿಳಿಯಿರುವ, ಬೇಯಿಸಿದರೆ ಹಿಟ್ಟುಹಿಟ್ಟಾಗುವ ಗೆಣಸು ಬೇಕಲ್ಲ?

ಅದಕ್ಕೆ ತೀರಾ ಹತ್ತಿರದ್ದು ಮುರಾಸಕಿ, ಜಪಾನಿ ಗೆಣಸು ಎಂದು ಮಾರುವ ಬಗೆ. ನೇರಳೆಗೆಂಪು ಸಿಪ್ಪೆ, ಕೆನೆ ಬಣ್ಣದ ಒಡಲು, ಬೆಂದಾಗ ಸುಟ್ಟ ಗೋಡಂಬಿಯಂಥ ಘಮ. ಕಿತ್ತಳೆ ಬಣ್ಣದವು ಬೆಂದರೆ ಮುದ್ದೆಯಾಗಿ ನೀರೂರುತ್ತವೆ. ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿ ಜೊತೆ ಬೇಯಿಸಿ ಇಡುವ ಗೆಣಸಿನ ರುಚಿ ಬಯಸಿದವರಿಗೆ ಅದು ಹಿಡಿಸುವುದಿಲ್ಲ. ತೊಂದರೆ ಏನೆಂದರೆ ಮುರಾಸಕಿಗೆ 110ರಿಂದ 120 ದಿನ ಬೇಕು, ಇಳುವರಿಯೂ ಬೋರೆಗಾರ್ಡಿಗಿಂತ ಕಡಿಮೆ. 12 ಸಸಿ ನೆಡುವವರು 8 ಬೋರೆಗಾರ್ಡ್, 4 ಮುರಾಸಕಿ ಹಾಕಿ, ಮನೆಯ ಗೋಡೆಗೆ ಒತ್ತಿಕೊಂಡ ದಕ್ಷಿಣದ ಬಿಸಿಲಿನ ಜಾಗವನ್ನು ಮುರಾಸಕಿಗೆ ಕೊಡಿ.

ಅಂಗಡಿಯಲ್ಲಿ "ಯಾಮ್" ಎಂದು ಬರೆದಿರುತ್ತಾರೆ. ಅದೇನು?

ಇಲ್ಲಿನ ಅಂಗಡಿಗಳಲ್ಲಿ ಕಿತ್ತಳೆ ಬಣ್ಣದ ಸಿಹಿಗೆಣಸಿಗೇ ಹಾಗೆ ಬರೆಯುವ ರೂಢಿ. ನಿಜವಾದ ಯಾಮ್ ಅಂದರೆ ನಮ್ಮ ಹೆಗ್ಗೆಣಸಿನ ಕುಲ. ನಾವೇನು ಕಡಿಮೆ? ಮರಗೆಣಸು, ಹೆಗ್ಗೆಣಸು, ಸಿಹಿಗೆಣಸು ಎಂದು ಮೂರು ಬೇರೆ ಬೇರೆ ಕುಲಕ್ಕೆ ಒಂದೇ ಹೆಸರು ಕಟ್ಟಿದ್ದೇವೆ.

ಊರಿಂದ ಬಳ್ಳಿಯನ್ನೋ ಗಡ್ಡೆಯನ್ನೋ ತರಬಹುದೇ?

ಬೇಡ. ಆಮದು ಅನುಮತಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ನೆಡುವ ಗಡ್ಡೆ, ಬಳ್ಳಿ ತರುವಂತಿಲ್ಲ. ಮಣ್ಣಂತೂ ಬೆರಳುಗುರಿನಷ್ಟೂ ಕೂಡದು. ಗಡ್ಡೆಯೊಳಗೆ ಕೂತು ಬರುವ ಮೂತಿಹುಳ ನಮ್ಮ ಕಡೆಯ ಗೆಣಸಿನ ದೊಡ್ಡ ಶತ್ರು, ಒಂಟಾರಿಯೋದಲ್ಲಿ ಅದರ ಕಾಟವಿಲ್ಲ. ಇನ್ನೊಂದು ಮಾತು: ಊರಿನ ತಳಿಗಳು ಅಲ್ಲಿನ ಉದ್ದನೆಯ ಹಂಗಾಮಿಗೆ, ಬೆಚ್ಚನೆಯ ರಾತ್ರಿಗಳಿಗೆ ಒಗ್ಗಿದವು. ಇಲ್ಲಿ ಎಲೆಯ ರಾಶಿ ಬೆಳೆಸಿ ಬುಡದಲ್ಲಿ ಬೆರಳು ಗಾತ್ರದ ಬೇರು ಬಿಟ್ಟು ಸುಮ್ಮನಾಗುತ್ತವೆ.

ಸಸಿಯನ್ನು ಕೊಳ್ಳುವುದೋ, ಮನೆಯಲ್ಲೇ ಎಬ್ಬಿಸುವುದೋ?

ಇಲ್ಲಿ ಸಸಿಗೆ ಸ್ಲಿಪ್ ಎನ್ನುತ್ತಾರೆ. ಗಡ್ಡೆಯಿಂದ ಎದ್ದ, ಬೇರು ಬಿಟ್ಟ ಅಥವಾ ಬಿಡದ ಕುಡಿ. ಕೊಳ್ಳುವುದಾದರೆ ಫೆಬ್ರವರಿ, ಮಾರ್ಚಿನಲ್ಲೇ ಹೇಳಿಡಬೇಕು, ಮೇ ಕೊನೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಂಚೆಯಲ್ಲಿ ಬಂದ ಕಟ್ಟು ಬಿಚ್ಚಿದಾಗ ಎಲೆ ಹಳದಿಯಾಗಿ, ಕಾಂಡ ಜೋತುಬಿದ್ದು ಸತ್ತಂತೆ ಕಾಣುತ್ತದೆ. ಗಾಬರಿ ಬೇಡ. ಬುಡವನ್ನು ಒಂದು ರಾತ್ರಿ ನೀರಿನಲ್ಲಿಡಿ. ಮರುದಿನ ನೆಡಲು ಆಗದಿದ್ದರೆ ಒದ್ದೆ ಮಣ್ಣು ತುಂಬಿದ ಕುಂಡದಲ್ಲಿ ಹತ್ತಿಪ್ಪತ್ತನ್ನು ಒಟ್ಟಿಗೇ ಊರಿಡಿ, ವಾರ ಕಾಯುತ್ತವೆ.

ಮನೆಯಲ್ಲಿ ಎಬ್ಬಿಸುವವರು ಮಾರ್ಚ್ ಕೊನೆಯ ವಾರದಲ್ಲಿ ಶುರು ಮಾಡಿ, ಅಂದರೆ ನಾಟಿಗೆ 9ರಿಂದ 10 ವಾರ ಮೊದಲು. ಒಂದು ಮಧ್ಯಮ ಗಡ್ಡೆ 10ರಿಂದ 15 ಕುಡಿ ಕೊಡುತ್ತದೆ. 8ರಿಂದ 10 ಸೆಂ.ಮೀ. ಆಳದ ಟ್ರೇಯಲ್ಲಿ ಒದ್ದೆ ಮಾಡಿದ ಕುಂಡದ ಮಣ್ಣು ಅಥವಾ ಕೋಕೋಪೀಟ್ ಹಾಕಿ, ಗಡ್ಡೆಯನ್ನು ಅಡ್ಡ ಮಲಗಿಸಿ, ಅರ್ಧದಷ್ಟು ಮುಚ್ಚಿ. ಮಣ್ಣು 25ರಿಂದ 28 ಡಿಗ್ರಿ ಇರಬೇಕು. ಇದೇ ಮುಖ್ಯ. 18 ಡಿಗ್ರಿಯ ಕಿಟಕಿ ಕಟ್ಟೆಯ ಮೇಲೆ ಗಡ್ಡೆ ತಿಂಗಳುಗಟ್ಟಲೆ ಕೂತಿರುತ್ತದೆ, ಆಮೇಲೆ ಕೊಳೆಯುತ್ತದೆ. ಬೀಜ ಮೊಳೆಸುವ ಹೀಟ್ ಮ್ಯಾಟ್ ಇಟ್ಟರೆ ಎರಡು ಮೂರು ವಾರಕ್ಕೆ ನೇರಳೆ ಬಣ್ಣದ ಮೊಗ್ಗುಗಳು ಕಾಣುತ್ತವೆ. ಕಾಣುವವರೆಗೆ ಬೆಳಕು ಬೇಡ, ಕಂಡ ಮೇಲೆ ದಿನಕ್ಕೆ 12ರಿಂದ 14 ತಾಸು ಬೇಕು.

ಲೋಟದ ನೀರಿನಲ್ಲಿ ಕಡ್ಡಿ ಚುಚ್ಚಿ ಇಡುವ ವಿಧಾನ ಸಾಲದೇ?

ಆಗುತ್ತದೆ, ನಿಧಾನ. ತಲೆಕೆಳಗಾಗಿ ಇಟ್ಟವರೇ ಹೆಚ್ಚು: ಬಳ್ಳಿಗೆ ಅಂಟಿದ್ದ ತುದಿ ಮೇಲಿರಬೇಕು, ಬಾಲದಂತೆ ಸಣ್ಣಗಾದ ತುದಿ ನೀರಿನಲ್ಲಿರಬೇಕು. ತಿಳಿಯದಿದ್ದರೆ ಟ್ರೇಯಲ್ಲಿ ಮಲಗಿಸುವುದೇ ವಾಸಿ, ಅಲ್ಲಿ ತಲೆ ಬಾಲದ ಗೊಂದಲವಿಲ್ಲ.

ಕುಡಿ 20ರಿಂದ 25 ಸೆಂ.ಮೀ. ಆದಾಗ ಮಣ್ಣಿನ ಮಟ್ಟದಿಂದ 2 ಸೆಂ.ಮೀ. ಮೇಲೆ ಕತ್ತರಿಸಿ. ಗಡ್ಡೆಯಿಂದ ಕಿತ್ತು ತೆಗೆಯುವುದಕ್ಕಿಂತ ಇದು ಮೇಲು, ಗಡ್ಡೆಯ ಮೈಮೇಲಿನ ರೋಗ ಸಸಿಯ ಜೊತೆ ಮಡಿಗೆ ಹೋಗುವುದಿಲ್ಲ. ಕತ್ತರಿಸಿದ್ದನ್ನು ನೀರಿನಲ್ಲಿ ನಿಲ್ಲಿಸಿದರೆ ಐದಾರು ದಿನಕ್ಕೆ ಗಿಣ್ಣುಗಳಿಂದ ಬಿಳಿ ಬೇರು ಬರುತ್ತದೆ. ಬೇರು 3 ಸೆಂ.ಮೀ. ದಾಟುವ ಮೊದಲೇ ಕುಂಡಕ್ಕೋ ಮಡಿಗೋ ಸೇರಿಸಿ. ನೀರಿನಲ್ಲೇ ಬಿಟ್ಟರೆ ಬೇರು ಸುರುಳಿ ಸುತ್ತುತ್ತದೆ, ಗಡ್ಡೆಯೂ ಹಾಗೆಯೇ ಸುತ್ತಿಕೊಂಡು ಬರುತ್ತದೆ.

ಅಡುಗೆಗೆ ತಂದ ಗೆಣಸಿನಿಂದ ಸಸಿ ಮಾಡಬಹುದೇ?

ಮೊಳೆತರೆ ಮಾಡಬಹುದು. ಆದರೆ ಅದು ಯಾವ ತಳಿ, ಎಷ್ಟು ದಿನದ್ದು ಎಂದು ಗೊತ್ತಿರುವುದಿಲ್ಲ. 140 ದಿನ ಬೇಡುವ ತಳಿಯಾದರೆ ನಾಲ್ಕು ತಿಂಗಳ ಕೆಲಸ ಬರೀ ಸೊಪ್ಪಿಗೆ. ತಣ್ಣನೆಯ ಗೋದಾಮಿನಲ್ಲಿ ಕೂತಿದ್ದ ಗಡ್ಡೆ ಮೊಳೆಯುವ ಬದಲು ಕೊಳೆಯುವುದೂ ಉಂಟು. ತಳಿಯ ಹೆಸರು ಬರೆದಿರುವ ಸಾವಯವ ಗಡ್ಡೆ ಸಿಕ್ಕರೆ ಪ್ರಯತ್ನಿಸಿ.

ನಮ್ಮ ಬಡಾವಣೆಯಲ್ಲಿ ಬರೀ ಜೇಡಿ ಮಣ್ಣು. ಏನು ಮಾಡಬೇಕು?

ಹೊಸ ಬಡಾವಣೆಗಳಲ್ಲಿ ಮೇಲ್ಮಣ್ಣು ಎಷ್ಟೋ ಕಡೆ ಒಂದು ಗೇಣೂ ಇರುವುದಿಲ್ಲ, ಅದರ ಕೆಳಗೆ ಯಂತ್ರ ಓಡಿ ಗಟ್ಟಿಯಾದ ಜೇಡಿ. ಆ ಜೇಡಿಗೆ ಮರಳು ಬೆರೆಸಬೇಡಿ, ಇಟ್ಟಿಗೆಯಾಗುತ್ತದೆ. ಅಗೆದು ಇಳಿಯುವ ಬದಲು ಮೇಲಕ್ಕೆ ಏರಿ. ಮೇಲ್ಮಣ್ಣಿಗೆ ಮೂರನೇ ಒಂದು ಭಾಗ ಹಳೆಯ ಕಾಂಪೋಸ್ಟ್ ಕೂಡಿಸಿ 25ರಿಂದ 30 ಸೆಂ.ಮೀ. ಎತ್ತರದ ಬೋದು ಕಟ್ಟಿ. ಬೋದಿನ ನೆತ್ತಿ ಒಂದು ಗೇಣಿಗಿಂತ ಸ್ವಲ್ಪ ಅಗಲವಿರಲಿ, ಎರಡು ಬೋದುಗಳ ನಡುನಡುವೆ ಅಳೆದರೆ 90 ಸೆಂ.ಮೀ. ಬರಲಿ. ಎತ್ತರಿಸಿದ ಮಣ್ಣು ಬೇಗ ಬಿಸಿಯಾಗುತ್ತದೆ, ಮಳೆ ನೀರು ನಿಲ್ಲುವುದಿಲ್ಲ, ಅಗೆಯುವಾಗ ಗಡ್ಡೆ ಸುಲಭವಾಗಿ ಕೈಗೆ ಬರುತ್ತದೆ. ರಸಸಾರ ಅಂದರೆ ಪಿಎಚ್ 5.5ರಿಂದ 6.5 ಇದ್ದರೆ ಒಳ್ಳೆಯದು. ಸುಣ್ಣ, ಬೂದಿ ಸುರಿಯಬೇಡಿ.

ಗೊಬ್ಬರ ಎಷ್ಟು?

ಕಡಿಮೆ. ಟೊಮೆಟೊಗೆ ಹಾಕಿದಂತೆ ಹಾಕಿದರೆ ಬಳ್ಳಿ ಬೇಲಿ ಹತ್ತುತ್ತದೆ, ಬುಡದಲ್ಲಿ ಏನೂ ಇರುವುದಿಲ್ಲ. ಸಾರಜನಕ ಹೆಚ್ಚಾದರೆ ಆಗುವುದು ಇದೇ. ಬೋದು ಕಟ್ಟುವಾಗ 2ರಿಂದ 3 ಸೆಂ.ಮೀ. ಕಾಂಪೋಸ್ಟ್ (ಮೇಲೆ ಹೇಳಿದಂತೆ ಮಣ್ಣಿಗೆ ಬೆರೆಸಿಲ್ಲದಿದ್ದರೆ), ಜೊತೆಗೆ 10 ಚದರ ಮೀಟರಿಗೆ 1 ಕೆ.ಜಿ.ಯಷ್ಟು 5-10-10 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಶ್ ಎಷ್ಟು ಶೇಕಡಾ ಎಂಬ ಅಂಕಿಗಳು) ಸಾಕು. ಗಡ್ಡೆ ತುಂಬಲು ಬೇಕಾದದ್ದು ಪೊಟ್ಯಾಶ್, ಚೀಲದ ಮೇಲಿನ ಮೂರನೆಯ ಅಂಕಿ. ಹಸಿ ಸಗಣಿ ಗೊಬ್ಬರ ಬೇಡ, ಸಿಪ್ಪೆಯ ಮೇಲೆ ಕಪ್ಪು ಮಚ್ಚೆ ಬೀಳುವ ಸ್ಕರ್ಫ್ ರೋಗಕ್ಕೆ ಅದು ಹಾದಿ. ಹುಲ್ಲುಹಾಸಿಗೆ ಎರಚುವ ಗೊಬ್ಬರ ಬಹುಪಾಲು ಸಾರಜನಕವೇ, ಪಕ್ಕದ ಗೆಣಸಿನ ಮಡಿಗೆ ಸಿಡಿಯದಂತೆ ನೋಡಿಕೊಳ್ಳಿ.

ಕಪ್ಪು ಪ್ಲಾಸ್ಟಿಕ್ ಹಾಸಲೇಬೇಕೇ?

ಈ ಪುಟದಿಂದ ಒಂದೇ ಒಂದು ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಮಣ್ಣಿನ ಕಾವು ಮೂರು ನಾಲ್ಕು ಡಿಗ್ರಿ ಏರುತ್ತದೆ, ಕಳೆ ಏಳುವುದಿಲ್ಲ, ಬಳ್ಳಿಯ ಗಿಣ್ಣುಗಳು ಅಲ್ಲಲ್ಲೇ ಬೇರು ಬಿಟ್ಟು ಶಕ್ತಿ ಹಂಚಿಹಾಕುವುದೂ ತಪ್ಪುತ್ತದೆ. ಮೇ ಎರಡನೆಯ ವಾರದಲ್ಲಿ ಬೋದನ್ನು ಚೆನ್ನಾಗಿ ತೋಯಿಸಿ, ಹನಿ ನೀರಾವರಿಯ ಕೊಳವೆ ಎಳೆದು, ಮೇಲೆ ಹಾಳೆ ಬಿಗಿಯಾಗಿ ಹಾಸಿ ಅಂಚುಗಳನ್ನು ಮಣ್ಣಿನಲ್ಲಿ ಹೂಳಿ. ಹಾಳೆ ಮಣ್ಣಿಗೆ ಮೈ ತಾಗಿಸಿಕೊಂಡಿರಬೇಕು. ಸಡಿಲವಾಗಿ ಉಬ್ಬಿದ್ದರೆ ಬಿಸಿಯಾಗುವುದು ನಡುವಿನ ಗಾಳಿ, ಮಣ್ಣಲ್ಲ. ಒಣಹುಲ್ಲಿನ ಹೊದಿಕೆ ಊರಿನ ಬಿಸಿಲಿಗೆ ಸರಿ, ಇಲ್ಲಿ ಅದು ಮಣ್ಣನ್ನು ತಂಪಾಗಿಡುತ್ತದೆ, ಗೆಣಸಿಗೆ ಹಾಕಬೇಡಿ.

ನಾಟಿ ಯಾವಾಗ, ಹೇಗೆ?

ವಿಕ್ಟೋರಿಯಾ ದಿನದ ರಜೆಗೆ (ಮೇ 25ರ ಹಿಂದಿನ ಸೋಮವಾರ) ಎಲ್ಲರೂ ಟೊಮೆಟೊ ನೆಡುತ್ತಾರೆ. ಗೆಣಸಿಗೆ ಅದು ಬೇಗವಾಯಿತು, ಇನ್ನೂ ಹತ್ತು ಹದಿನೈದು ದಿನ ಕಾಯಿರಿ. ಬೆಳಿಗ್ಗೆ ಎಂಟು ಗಂಟೆಗೆ 10 ಸೆಂ.ಮೀ. ಆಳದಲ್ಲಿ ಥರ್ಮಾಮೀಟರ್ ಚುಚ್ಚಿ ನೋಡಿ. ಮೂರು ದಿನ ಸತತವಾಗಿ 18 ಡಿಗ್ರಿ ತೋರಿಸಿದರೆ ನೆಡಬಹುದು. ಅದಕ್ಕೆ ಮೊದಲು ಐದಾರು ದಿನ ಸಸಿಯನ್ನು ಹೊರಗಿನ ಗಾಳಿ ಬಿಸಿಲಿಗೆ ಒಗ್ಗಿಸಿ: ಮೊದಲ ದಿನ ನೆರಳಿನಲ್ಲಿ ಎರಡು ತಾಸು, ಆಮೇಲೆ ಹೆಚ್ಚಿಸುತ್ತ ಹೋಗಿ, ರಾತ್ರಿ ಒಳಗೆ ತನ್ನಿ.

ಮೋಡದ ದಿನ ಅಥವಾ ಸಂಜೆ ನೆಡಿ. ಹಾಳೆಯನ್ನು ಅಡ್ಡ-ಉದ್ದ ಸೀಳಿ, 30 ಸೆಂ.ಮೀ.ಗೆ ಒಂದರಂತೆ ಕುಣಿ ಮಾಡಿ. ಕುಡಿಯನ್ನು ನೆಟ್ಟಗೆ ನಿಲ್ಲಿಸದೆ ಓರೆಯಾಗಿ ಮಲಗಿಸಿ, ಮೂರು ನಾಲ್ಕು ಗಿಣ್ಣು ಮಣ್ಣಿನೊಳಗೆ ಹೋಗಲಿ, ತುದಿಯ ಎರಡು ಮೂರು ಎಲೆ ಹೊರಗಿರಲಿ. ಹೂತ ಗಿಣ್ಣುಗಳಿಂದಲೇ ಗಡ್ಡೆಯ ಬೇರು ಹೊರಡುವುದು. ಬುಡವನ್ನು ಬೆರಳಿನಿಂದ ಒತ್ತಿ, ಪ್ರತಿ ಕುಣಿಗೆ ಅರ್ಧ ಲೀಟರ್ ನೀರು ಹಾಕಿ. ಸೀಳಿನ ಅಂಚನ್ನು ಮಣ್ಣಿನಿಂದ ಮುಚ್ಚಿ. ಕಾದ ಪ್ಲಾಸ್ಟಿಕ್ ಎಳೆ ಕಾಂಡಕ್ಕೆ ತಾಗಿದರೆ ಆ ಜಾಗದಲ್ಲೇ ಸುಟ್ಟು ಮುರಿಯುತ್ತದೆ, ಹುಳ ಕತ್ತರಿಸಿತು ಎಂದು ಜನ ಅಂದುಕೊಳ್ಳುತ್ತಾರೆ.

ನೆಟ್ಟ ಮೂರನೇ ದಿನಕ್ಕೆ ಎಲೆಯೆಲ್ಲ ಒಣಗಿತು. ಸತ್ತಿತೇ?

ಕಾಂಡ ಹಸಿರಿದ್ದರೆ ಬದುಕಿದೆ. ಹಳೆಯ ಎಲೆ ಉದುರಿ ಕಂಕುಳಿಂದ ಹೊಸ ಚಿಗುರು ಬರಲು ಹತ್ತು ದಿನ ಬೇಕು. ಮೊದಲ ವಾರ ದಿನಾ ನೀರು ಕೊಡಿ.

ಜೂನ್ ಪೂರ್ತಿ ಬಳ್ಳಿ ಇದ್ದಲ್ಲೇ ಇದೆ, ಬೆಳೆಯುತ್ತಲೇ ಇಲ್ಲ.

ಕಣ್ಣಿಗೆ ಕಾಣುವ ಬೆಳವಣಿಗೆ ಜುಲೈ ಎರಡನೆಯ ವಾರದಿಂದ. ಆದರೆ ಒಂದು ಬಳ್ಳಿಗೆ ಎಷ್ಟು ಗಡ್ಡೆ ಎನ್ನುವುದು ಈ ಸುಮ್ಮನಿರುವಂತೆ ಕಾಣುವ ಮೊದಲ ನಾಲ್ಕೈದು ವಾರದಲ್ಲೇ ತೀರ್ಮಾನವಾಗಿಬಿಡುತ್ತದೆ. ಆಗ ಮಣ್ಣು ಒಣಗಿದರೆ ಎಳೆ ಬೇರುಗಳು ನಾರಾಗುತ್ತವೆ. ನೀರು ನಿಂತರೂ ಅಷ್ಟೇ, ತಣ್ಣಗಾದರೂ ಅಷ್ಟೇ. ಒಮ್ಮೆ ನಾರಾದ ಬೇರು ಮತ್ತೆ ಗಡ್ಡೆಯಾಗುವುದಿಲ್ಲ, ಆಗಸ್ಟಿನಲ್ಲಿ ಎಷ್ಟು ಉಪಚಾರ ಮಾಡಿದರೂ ಪ್ರಯೋಜನವಿಲ್ಲ. ಜೂನ್ ರಾತ್ರಿಗಳು 12 ಡಿಗ್ರಿಗಿಂತ ಇಳಿಯುವ ಸೂಚನೆಯಿದ್ದರೆ ಕಮಾನು ಕಡ್ಡಿ ಊರಿ ತೆಳುವಾದ ಬಿಳಿ ಬಟ್ಟೆ ಹೊದಿಸಿ. ಹಗಲು ಬಿಸಿಲೇರಿದಾಗ ಅಂಚು ಎತ್ತಿಡಿ.

ನೀರಿನ ಲೆಕ್ಕ?

ಬೇರು ಹಿಡಿದ ಮೇಲೆ ವಾರಕ್ಕೆ 2.5 ಸೆಂ.ಮೀ. ಮಳೆಯಷ್ಟು, ಅಂದರೆ ಚದರ ಮೀಟರಿಗೆ 25 ಲೀಟರ್. ಒಂದೇ ಸಲ ಆಳಕ್ಕೆ ಇಳಿಯುವಂತೆ ಕೊಡಿ. ಅಗೆಯುವ ಮೂರು ವಾರ ಮೊದಲು ನಿಲ್ಲಿಸಿ. ಒಣಗಿದ್ದ ಮಣ್ಣಿಗೆ ಸೆಪ್ಟೆಂಬರಿನಲ್ಲಿ ಒಮ್ಮೆಲೇ ನೀರು ಬಿಟ್ಟರೆ ಗಡ್ಡೆ ಸೀಳುತ್ತದೆ.

ಊರಲ್ಲಿ ಬಳ್ಳಿ ಎತ್ತಿ ತಿರುವಿ ಹಾಕುತ್ತಾರೆ. ಇಲ್ಲೂ ಮಾಡಬೇಕೇ?

ಪ್ಲಾಸ್ಟಿಕ್ ಹಾಸಿದ್ದರೆ ಬೇಕಿಲ್ಲ. ಬರಿ ಮಣ್ಣಾದರೆ ಆಗಸ್ಟಿನಲ್ಲಿ ಒಂದೆರಡು ಸಲ ನಿಧಾನಕ್ಕೆ ಎತ್ತಿ ಅಲ್ಲೇ ಬಿಡಿ. ಮಗುಚಿ ಹಾಕಿದರೆ ಎಲೆಗಳು ಮತ್ತೆ ಬಿಸಿಲಿಗೆ ಮುಖ ತಿರುಗಿಸಲು ಕೆಲ ದಿನ ಹಿಡಿಯುತ್ತದೆ, ಆ ದಿನಗಳು ನಮಗೆ ದುಬಾರಿ. ಉದ್ದವಾಯಿತೆಂದು ಕತ್ತರಿಸಬೇಡಿ, ಆ ಎಲೆಗಳೇ ಗಡ್ಡೆಗೆ ಅನ್ನ ಬೇಯಿಸುವುದು. ಅಡುಗೆಗೆ ಬೇಕಾದರೆ ಜುಲೈ ಕೊನೆಯಿಂದ ಬಳ್ಳಿಗೆ ಒಂದೆರಡು ಎಳೆ ತುದಿ, 10 ಸೆಂ.ಮೀ.ಯಷ್ಟು, ಚಿವುಟಿಕೊಳ್ಳಿ. ಪಲ್ಯಕ್ಕೂ ಬೇಳೆ ಹಾಕಿದ ಸೊಪ್ಪಿನ ಹುಳಿಗೂ ಚೆನ್ನಾಗಿರುತ್ತದೆ. ಆಲೂಗಡ್ಡೆ ಎಲೆಯಂತೆ ಇದು ವಿಷವಲ್ಲ, ಎರಡೂ ಬೇರೆ ಬೇರೆ ಕುಲ.

ಜಾಗವಿಲ್ಲ, ಬಾಲ್ಕನಿ ಮಾತ್ರ ಇದೆ.

40ರಿಂದ 60 ಲೀಟರಿನ ಕಪ್ಪು ಡಬ್ಬ ಅಥವಾ ಗ್ರೋ ಬ್ಯಾಗಿಗೆ ಎರಡು ಸಸಿ. ಕಪ್ಪು ಬಣ್ಣ ಬಿಸಿಲು ಹೀರುವುದರಿಂದ ಇಲ್ಲಿ ಕುಂಡದ ಮಣ್ಣು ನೆಲಕ್ಕಿಂತ ಬೇಗ ಕಾಯುತ್ತದೆ, ಅದು ಲಾಭ. ನೀರು ಬೇಗ ಆರುತ್ತದೆ, ಅದು ನಷ್ಟ. ಜುಲೈ ಸೆಕೆಯಲ್ಲಿ ದಿನಾ ನೋಡಬೇಕು. ದಿನಕ್ಕೆ ಕನಿಷ್ಠ 6 ತಾಸು ನೇರ ಬಿಸಿಲು ಬೀಳದ ಉತ್ತರದ ಬಾಲ್ಕನಿಯಾದರೆ ಸೊಪ್ಪಿಗಾಗಿ ಮಾತ್ರ ಬೆಳೆಯಿರಿ.

ಇಂಗ್ಲೆಂಡಿನಲ್ಲಿದ್ದೇವೆ. ಇದೇ ಕ್ರಮವೇ?

ಅಲ್ಲಿನ ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವ ಚಳಿ) ಇಲ್ಲದ ಅವಧಿ ನಮಗಿಂತ ಉದ್ದ, ಆದರೆ ಬೇಸಿಗೆಯ ಕಾವು ಕಡಿಮೆ. ಬಯಲಿನಲ್ಲಿ ದಕ್ಷಿಣದ ಕಡೆ ಬೆಚ್ಚಗಿನ ವರ್ಷಗಳಲ್ಲಿ ಮಾತ್ರ ಕೈಹಿಡಿಯುತ್ತದೆ. ಗ್ರೀನ್‌ಹೌಸ್ ಅಥವಾ ಪಾಲಿಟನಲ್ (ಪ್ಲಾಸ್ಟಿಕ್ ಹೊದಿಸಿದ ಕಮಾನು ಮನೆ) ಇದ್ದರೆ ಎಲ್ಲಾದರೂ ಸರಿ. ತಳಿಯಲ್ಲಿ ಬೋರೆಗಾರ್ಡ್ ಬಗೆಯವನ್ನೇ ಆರಿಸಿ.

ಯಾರು ಯಾರು ತಿನ್ನಲು ಬರುತ್ತಾರೆ?

ಜಿಂಕೆ, ಮೊಲ, ಗ್ರೌಂಡ್‌ಹಾಗ್ (ಬಿಲ ತೋಡುವ, ಅಳಿಲಿನ ಜಾತಿಯ ದಪ್ಪ ಪ್ರಾಣಿ) ಬಳ್ಳಿಯನ್ನು ಒಂದು ರಾತ್ರಿಯಲ್ಲಿ ಬೋಳಿಸುತ್ತವೆ. ಔಷಧ ಸಿಂಪಡಿಸಿ ತಡೆಯುವ ಮಾತು ನಂಬಬೇಡಿ, ಬೇಲಿಯೊಂದೇ ಉತ್ತರ. ಮೊಲಕ್ಕೆ 60 ಸೆಂ.ಮೀ. ಎತ್ತರದ ಕೋಳಿಜಾಲರಿ ಸಾಕು, ಜಿಂಕೆಗೆ 2 ಮೀಟರಿಗಿಂತ ಮೇಲೆ ಬೇಕು. ಗಿಡ್ಡ ಬಾಲದ ವೋಲ್ ಇಲಿ ಮಾತ್ರ ಪ್ಲಾಸ್ಟಿಕ್ ಅಡಿಯಲ್ಲಿ ಬೆಚ್ಚಗೆ ಸಂಸಾರ ಹೂಡಿ ಗಡ್ಡೆಯನ್ನು ಮೇಲಿನಿಂದ ಕೊರೆದು ಬಟ್ಟಲು ಮಾಡಿಡುತ್ತದೆ. ಮೇಲೆ ಬಳ್ಳಿ ಹಸಿರಾಗೇ ಇರುತ್ತದೆ, ಅಗೆದಾಗಲೇ ಗೊತ್ತಾಗುವುದು. ಬೋದಿನ ಅಂಚಿನಲ್ಲಿ ಎರಡು ಬೆರಳು ಅಗಲದ ಬಿಲ ಕಂಡ ಕೂಡಲೇ ಇಲಿಬೋನು ಇಡಿ, ಸುತ್ತಲಿನ ಹುಲ್ಲು ಗಿಡ್ಡವಾಗಿರಲಿ.

ಗಡ್ಡೆಯಲ್ಲಿ ಕಡ್ಡಿ ಚುಚ್ಚಿದಂಥ ಸಣ್ಣ ತೂತು ತಂತಿಹುಳದ್ದು, ಅಗಲವಾಗಿ ಕೆರೆದ ಗಾಯ ಗೊಣ್ಣೆಹುಳದ್ದು. ಹುಲ್ಲುಹಾಸು ತೆಗೆದು ಅದೇ ವರ್ಷ ಗೆಣಸು ಹಾಕಿದಲ್ಲಿ ಎರಡೂ ಹೆಚ್ಚು. ಮೊದಲ ವರ್ಷ ಅಲ್ಲಿ ಕುಂಬಳ ಹಾಕಿ, ಎರಡನೇ ವರ್ಷ ಗೆಣಸು.

ಅಗೆಯುವುದು ಯಾವಾಗ? ಎಲೆ ಹಳದಿಯಾಗುವವರೆಗೆ ಕಾಯಬೇಕೇ?

ಕಾಯಬೇಡಿ, ಅದು ಆಲೂಗಡ್ಡೆಯ ಲಕ್ಷಣ. ಗೆಣಸು ಇಂತಿಷ್ಟೇ ಎಂದು ಬಲಿತು ನಿಲ್ಲುವುದಿಲ್ಲ, ಕಾವಿರುವವರೆಗೂ ಊದುತ್ತಲೇ ಇರುತ್ತದೆ. ತಳಿಯ ದಿನ ಮುಗಿದಿದೆಯೇ, ರಾತ್ರಿ 10 ಡಿಗ್ರಿಗಿಂತ ಇಳಿಯುತ್ತಿದೆಯೇ, ಎರಡನ್ನೇ ನೋಡಿ. ಸಾಮಾನ್ಯವಾಗಿ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 5ರ ಒಳಗೆ ಬರುತ್ತದೆ. ಇನ್ನೊಂದು ವಾರ ಬಿಟ್ಟರೆ ದಪ್ಪಗಾದೀತು ಎಂಬ ಆಸೆ ಅಕ್ಟೋಬರಿನಲ್ಲಿ ಫಲಿಸುವುದಿಲ್ಲ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಗಡ್ಡೆ ಒಳಗಿಂದ ಕೆಡಲು ಶುರುವಾಗಿರುತ್ತದೆ. ಅಕಸ್ಮಾತ್ ಫ್ರಾಸ್ಟ್ ಬಡಿದು ಎಲೆ ಕಪ್ಪಾದರೆ ಅದೇ ಬೆಳಿಗ್ಗೆ ಬಳ್ಳಿಯನ್ನು ಬುಡಕ್ಕೆ ಕತ್ತರಿಸಿ, ಒಂದೆರಡು ದಿನದಲ್ಲಿ ಅಗೆದುಬಿಡಿ.

ಒಣ ದಿನ ನೋಡಿ ಬಳ್ಳಿ ಕತ್ತರಿಸಿ ಹಾಳೆ ಸುತ್ತಿಡಿ. ಬುಡದಿಂದ ಒಂದು ಮೊಳ ದೂರದಲ್ಲಿ ಫೋರ್ಕ್ ಇಳಿಸಿ, ಸನ್ನೆಕೋಲಿನಂತೆ ಮೀಟಿ ಮಣ್ಣನ್ನು ಸಡಿಲಿಸಿ, ಉಳಿದದ್ದು ಕೈಯಿಂದ. ಬುಡ ಹಿಡಿದು ಎಳೆದರೆ ಗಡ್ಡೆಯ ಕತ್ತು ಮುರಿದು ಒಳಗೇ ಉಳಿಯುತ್ತದೆ. ಹೊಸ ಗಡ್ಡೆಯ ಸಿಪ್ಪೆ ಎಷ್ಟು ತೆಳುವೆಂದರೆ ಹೆಬ್ಬೆರಳು ಒತ್ತಿ ಜಾರಿಸಿದರೆ ಸುಲಿದು ಬರುತ್ತದೆ, ಸುಲಿದ ಕಡೆ ಹಾಲು ಜಿನುಗಿ ಕಪ್ಪಗೆ ಅಂಟುತ್ತದೆ. ಬಕೆಟಿಗೆ ಎಸೆಯದೆ ಮೊಟ್ಟೆಯಂತೆ ಒಂದೊಂದಾಗಿ ಜೋಡಿಸಿ. ತೊಳೆಯಬೇಡಿ. ಬಿಸಿಲಿನಲ್ಲಿ ಒಂದು ತಾಸಿಗಿಂತ ಹೆಚ್ಚು ಬಿಡಬೇಡಿ, ರಾತ್ರಿ ಹೊರಗಂತೂ ಬಿಡಲೇಬೇಡಿ.

ಬೆಳೆದದ್ದು ಸಪ್ಪೆ ಹೊಡೆಯುತ್ತಿದೆ. ತಳಿಯ ತಪ್ಪೇ?

ತಳಿಯದ್ದಲ್ಲ, ಆತುರದ್ದು. ಅಗೆದ ದಿನ ಯಾವ ಗೆಣಸೂ ಸಿಹಿಯಾಗಿರುವುದಿಲ್ಲ, ಒಳಗಿರುವುದು ಪಿಷ್ಟ. ಅದನ್ನು ಮಾಗಿಸಬೇಕು, ಇಲ್ಲಿನವರು ಕ್ಯೂರಿಂಗ್ ಎನ್ನುವುದು ಇದಕ್ಕೇ. ಬಾಳೆಗೊನೆಯಂತೆ ಮೆತ್ತಗಾಗಲೆಂದು ಇಡುವುದಲ್ಲ: ಬಿಸಿ ಮತ್ತು ತೇವದಲ್ಲಿ ಗಾಯದ ಮೇಲೆ ಬೆಂಡಿನಂಥ ಹೊಸ ಚರ್ಮ ಕಟ್ಟುತ್ತದೆ, ಸಿಪ್ಪೆ ಗಟ್ಟಿಯಾಗುತ್ತದೆ, ಪಿಷ್ಟ ಸಕ್ಕರೆಯಾಗುವ ಕೆಲಸ ಶುರುವಾಗುತ್ತದೆ. 29ರಿಂದ 30 ಡಿಗ್ರಿ, 85ರಿಂದ 90 ಶೇಕಡಾ ತೇವಾಂಶದಲ್ಲಿ 5ರಿಂದ 7 ದಿನ. ಅಷ್ಟು ಬಿಸಿ ಸಿಗದಿದ್ದರೆ 25 ಡಿಗ್ರಿಯಲ್ಲಿ ಎರಡು ವಾರ.

ಚಿಕ್ಕ ಬಾತ್‌ರೂಮ್ ಇದಕ್ಕೆ ಹೇಳಿ ಮಾಡಿಸಿದ್ದು. ಎಣ್ಣೆ ತುಂಬಿದ ಹೀಟರ್, ಟಬ್‌ನಲ್ಲಿ ಒಂದು ಬಕೆಟ್ ನೀರು, ಗೆಣಸು ಜಾಲರಿಯ ಮೇಲೆ ಒಂದೇ ಪದರದಲ್ಲಿ. ಬಾಗಿಲು ಮುಚ್ಚಿ, ದಿನಕ್ಕೊಮ್ಮೆ ಐದು ನಿಮಿಷ ತೆರೆಯಿರಿ. ತಂತಿ ಕೆಂಪಗಾಗುವ ಹೀಟರನ್ನು ಒದ್ದೆ ಜಾಗದಲ್ಲಿ ಇಡಲೇಬೇಡಿ. ಹತ್ತು ಕೆ.ಜಿ. ಒಳಗಾದರೆ ಐಸ್ ಪೆಟ್ಟಿಗೆಯಲ್ಲಿ ಗೆಣಸು ಜೋಡಿಸಿ, ಬಿಸಿನೀರಿನ ಬಾಟಲಿ ಎರಡನ್ನು ಬೆಳಿಗ್ಗೆ ಸಂಜೆ ಬದಲಿಸುತ್ತಿರಿ. ಓವನ್ನಿನ ದೀಪ ಮಾತ್ರ ಹಚ್ಚಿ ಒಳಗಿಡುವ ಉಪಾಯವೂ ನಡೆಯುತ್ತದೆ. ಆದರೆ ಗುಂಡಿಯ ಮೇಲೆ ಚೀಟಿ ಅಂಟಿಸಿ, ಮನೆಯಲ್ಲಿ ಯಾರೋ ಪಿಜ್ಜಾಕ್ಕೆಂದು ಓವನ್ ಹಚ್ಚಿದರೆ ವರ್ಷದ ಬೆಳೆ ಒಂದೇ ಸಲ ಬೇಯುತ್ತದೆ. ನೆಲಮಾಳಿಗೆಯಲ್ಲಿ ಫರ್ನೆಸ್ (ಮನೆ ಬಿಸಿ ಮಾಡುವ ಯಂತ್ರ) ಇರುವ ಕೋಣೆ ಬೆಚ್ಚಗಿದ್ದರೂ ತೀರ ಒಣ, ಅಲ್ಲಿಡುವುದಾದರೆ ತೂತು ಹಾಕಿದ ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಹೊದಿಸಿ.

ಆಮೇಲೆ ಎಲ್ಲಿ ಇಡುವುದು? ಫ್ರಿಜ್ಜಿನಲ್ಲಿ?

ಫ್ರಿಜ್ಜಿನಲ್ಲಿ ಖಂಡಿತ ಬೇಡ. 10 ಡಿಗ್ರಿಗಿಂತ ಕೆಳಗೆ ಹಸಿ ಗೆಣಸಿಗೆ ಶೀತ ಹಿಡಿಯುತ್ತದೆ. ನಡುಭಾಗ ಎಷ್ಟು ಬೇಯಿಸಿದರೂ ಗಟ್ಟಿಯಾಗಿ ಉಳಿಯುತ್ತದೆ, ಕೆಲವಕ್ಕೆ ಒಳಗೆ ಕಂದು ಬಣ್ಣ ಬರುತ್ತದೆ. 13ರಿಂದ 15 ಡಿಗ್ರಿಯ ನೆಲಮಾಳಿಗೆಯ ಮೂಲೆ ಹುಡುಕಿ, ರಟ್ಟಿನ ಪೆಟ್ಟಿಗೆಯಲ್ಲಿ ಪೇಪರ್ ಸುತ್ತಿ ಇಡಿ. ಗ್ಯಾರೇಜು ನವೆಂಬರಿಗೇ ತಣ್ಣಗಾಗುತ್ತದೆ. ಗಾಯವಾದವನ್ನು ಮೊದಲು ಬಳಸಿ. ಚೆನ್ನಾಗಿ ಮಾಗಿದ್ದು ಆರು ತಿಂಗಳು ಇರುತ್ತದೆ, ಸಿಹಿ ಏರುವುದು ಇಟ್ಟ ಆರೆಂಟು ವಾರದ ಮೇಲೆ. ಅಕ್ಟೋಬರಿನಲ್ಲಿ ಅಗೆದದ್ದು ಸಂಕ್ರಾಂತಿಗೆ ಸರಿಯಾಗಿ ಕೂಡಿಬರುತ್ತದೆ, ಶಿವರಾತ್ರಿಯ ಉಪವಾಸಕ್ಕೂ ಉಳಿಯುತ್ತದೆ.

ಬೇಯಿಸುವ ರೀತಿಯೂ ಸಿಹಿ ಬದಲಿಸುತ್ತದೆ. ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಚುರುಕಾಗಿರುವುದು 60ರಿಂದ 75 ಡಿಗ್ರಿಯ ನಡುವೆ. ಮೈಕ್ರೋವೇವ್ ಆ ಹಂತವನ್ನು ನಿಮಿಷದಲ್ಲಿ ದಾಟಿಬಿಡುತ್ತದೆ. ಸಣ್ಣ ಉರಿಯ ಹಬೆಯಲ್ಲೋ, ಓವನ್ನಿನಲ್ಲಿ ಒಂದು ತಾಸೋ ಬೇಯಿಸಿದ್ದು ಬೆಲ್ಲದಂತಿರುತ್ತದೆ.

ಒಂದು ಬಳ್ಳಿಗೆ ಎಷ್ಟು ನಿರೀಕ್ಷಿಸಬಹುದು?

ಅರ್ಧದಿಂದ ಒಂದು ಕೆ.ಜಿ. ಪ್ಲಾಸ್ಟಿಕ್, ಬೋದು, ಒಳ್ಳೆಯ ಬೇಸಿಗೆ ಮೂರೂ ಕೂಡಿಬಂದರೆ ಒಂದೂವರೆ. ಹಾಳೆಯಿಲ್ಲದ ಜೇಡಿಯಲ್ಲಿ ಕಾಲು ಕೆ.ಜಿ.ಯೂ ಬರಲಿಕ್ಕಿಲ್ಲ.

ಮುಂದಿನ ವರ್ಷಕ್ಕೆ ಬೀಜದ ಗಡ್ಡೆ ಇಟ್ಟುಕೊಳ್ಳಬಹುದೇ?

ಚೆನ್ನಾಗಿ ಬಿಟ್ಟ ಬಳ್ಳಿಯನ್ನು ಅಗೆಯುವಾಗಲೇ ಗುರುತಿಸಿ, ಅದರ ಮೂರು ನಾಲ್ಕು ಮಧ್ಯಮ ಗಡ್ಡೆಗಳನ್ನು ಬೇರೆ ಇಡಿ. ಕೊನೆಗುಳಿದ ಚಿಲ್ಲರೆ ಗಡ್ಡೆಗಳನ್ನು ಬೀಜಕ್ಕಿಟ್ಟರೆ ವರ್ಷ ವರ್ಷಕ್ಕೂ ಕಳಪೆಯನ್ನೇ ಆರಿಸಿದಂತೆ. ಬಳ್ಳಿಯೊಳಗೆ ವೈರಸ್ ಸೇರಿಕೊಳ್ಳುತ್ತ ಹೋಗಿ ಇಳುವರಿ ತಗ್ಗುವುದರಿಂದ ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸ ಪ್ರಮಾಣಿತ ಸಸಿ ಕೊಳ್ಳಿ.

ಪೆಟ್ಟಿಗೆಯಲ್ಲಿ ಮೊಳಕೆ ಬಂದದ್ದನ್ನು ತಿನ್ನಬಹುದೇ?

ತಿನ್ನಬಹುದು, ಮೊಳಕೆ ಮುರಿದು ಬೇಯಿಸಿ. ಮೊಳಕೆ ಬಂದಿದೆ ಅಂದರೆ ಜಾಗ ಬಿಸಿಯಾಗಿದೆ, ಬದಲಿಸಿ. ಬೂಸ್ಟು ಹಿಡಿದ, ಕಪ್ಪು ಕೊಳೆ ಇಳಿದ, ಕಹಿ ಹೊಡೆಯುವ ಗಡ್ಡೆಯನ್ನು ಮಾತ್ರ ಪೂರ್ತಿ ಎಸೆಯಿರಿ. ಆ ಕಹಿ ಗಡ್ಡೆಯೇ ಉತ್ಪಾದಿಸಿದ ವಿಷ, ಕೆಟ್ಟ ಭಾಗ ಕೆತ್ತಿದರೂ ಸುತ್ತಲಿನ ತಿರುಳಿನಲ್ಲಿ ಉಳಿದಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ದನಕ್ಕೂ ಹಾಕಬೇಡಿ.